ಹತ್ತು ಗಂಟೆಯ ದಿನ ಮತ್ತು ಮೇಲಧಿಕಾರಿಯ ಕೈಯಲ್ಲಿರುವ ಗಡಿಯಾರ

2025ರ ಕೊನೆಯ ನಾಲ್ಕು ತಿಂಗಳಲ್ಲಿ ಮುಂಬೈ, ಪುಣೆಗಳ ಸಂಬಳದಾರರ ಕಿವಿಗೆ ಬಿದ್ದ ಸುದ್ದಿಗಳು ಒಂದಕ್ಕೊಂದು ತಾಳೆಯಾಗುವಂತಿರಲಿಲ್ಲ. ಸೆಪ್ಟೆಂಬರ್ 3ರಂದು ಮಹಾರಾಷ್ಟ್ರ ಸಚಿವ ಸಂಪುಟವು ಅಂಗಡಿ, ಕಚೇರಿಗಳಲ್ಲಿ ದಿನದ ದುಡಿಮೆಯ ಮಿತಿಯನ್ನು 9ರಿಂದ 10 ಗಂಟೆಗೆ, ಕಾರ್ಖಾನೆಗಳಲ್ಲಿ 9ರಿಂದ 12 ಗಂಟೆಗೆ ಏರಿಸಲು ಒಪ್ಪಿಗೆ ಕೊಟ್ಟಿತು. ನವೆಂಬರ್ 21ರಂದು ಕೇಂದ್ರ ಸರ್ಕಾರ ನಾಲ್ಕು ಕಾರ್ಮಿಕ ಸಂಹಿತೆಗಳನ್ನು ಜಾರಿಗೆ ತಂದಿತು. ಅವುಗಳಲ್ಲೊಂದು ದಿನಕ್ಕೆ 8 ಗಂಟೆಯ ಮಾತಾಡುತ್ತದೆ. ಡಿಸೆಂಬರ್ ಮೊದಲ ವಾರದಲ್ಲಿ ಬಾರಾಮತಿಯ ಸಂಸದೆ ಸುಪ್ರಿಯಾ ಸುಳೆ, ಕೆಲಸದ ಅವಧಿ ಮುಗಿದ ಮೇಲೆ ಕಚೇರಿಯ ಕರೆ ಮತ್ತು ಇಮೇಲ್‌ಗಳಿಗೆ ಉತ್ತರಿಸದಿರುವ ಹಕ್ಕನ್ನು ನೌಕರರಿಗೆ ಕೊಡಬೇಕೆಂಬ ಖಾಸಗಿ (ಸಚಿವರಲ್ಲದ ಸದಸ್ಯರು ತರುವ) ಮಸೂದೆಯನ್ನು ಲೋಕಸಭೆಯಲ್ಲಿ ಮಂಡಿಸಿದರು.

ಇವನ್ನೆಲ್ಲ ಓದಿದವರಿಗೆ ತಮ್ಮ ಕೆಲಸದ ದಿನ ಎಂಟು ಗಂಟೆಯದೋ, ಹತ್ತು ಗಂಟೆಯದೋ, ಹನ್ನೆರಡು ಗಂಟೆಯದೋ ಎಂಬ ಗೊಂದಲ ಹುಟ್ಟಿದ್ದು ಸಹಜ. ಇದೇ ಹೊತ್ತಿನಲ್ಲಿ ಕಂಪನಿಗಳ ಎಚ್‌ಆರ್ ವಿಭಾಗಗಳಿಂದ ಧ್ಯಾನದ ಆ್ಯಪ್, ಒತ್ತಡ ನಿರ್ವಹಣೆಯ ಕಾರ್ಯಾಗಾರ, ಮಧ್ಯಾಹ್ನದ ಯೋಗ ತರಗತಿಗಳ ಆಹ್ವಾನಗಳೂ ಬರುತ್ತಿವೆ. ಒಂದು ಕೈ ದಿನವನ್ನು ಹಿಗ್ಗಿಸುತ್ತಿದೆ, ಇನ್ನೊಂದು ಕೈ ಉಸಿರಾಟದ ಅಭ್ಯಾಸ ಕಲಿಸುತ್ತಿದೆ. ಈ ಎರಡರ ನಡುವೆ ನೌಕರನ ನೆಮ್ಮದಿ ನಿಜವಾಗಿ ಎಲ್ಲಿ ತೀರ್ಮಾನವಾಗುತ್ತದೆ ಎಂಬುದನ್ನು ಬಿಡಿಸಿ ನೋಡುವುದು ಈ ಲೇಖನದ ಉದ್ದೇಶ. ಗಂಟೆಗಳ ಎಣಿಕೆ ಮುಖ್ಯವೇ. ಆದರೆ ಆ ಗಂಟೆಗಳೊಳಗೆ ದುಡಿಯುವವನಿಗೆ ಎಷ್ಟು ಹಿಡಿತವಿದೆ, ಮೇಲಿನವರು ಆ ಹಿಡಿತವನ್ನು ಎಷ್ಟು ಬಿಟ್ಟುಕೊಡುತ್ತಾರೆ ಎಂಬುದರ ಮೇಲೆಯೇ ಅವನ ಸ್ವಂತ ಅಭ್ಯಾಸಗಳು ಫಲ ಕೊಡುವುದೂ ಕೊಡದಿರುವುದೂ ನಿಂತಿದೆ.

ಯಾವ ಕಾನೂನು ಯಾರಿಗೆ

ಮೊದಲು ಗೊಂದಲವನ್ನು ಸ್ವಲ್ಪ ಬಿಡಿಸಿಕೊಳ್ಳಬಹುದು. ಮಹಾರಾಷ್ಟ್ರದ ಅಂಗಡಿ ಮತ್ತು ಸಂಸ್ಥೆಗಳ ಕಾಯಿದೆ 2017ರದು. ಅದರಲ್ಲಿ ಈಗ ಹಿಗ್ಗಿರುವುದು ದಿನದ ಮಿತಿ. ವಾರಕ್ಕೆ 48 ಗಂಟೆಯ ಮಿತಿ ಹಾಗೆಯೇ ಉಳಿದಿದೆ. ಮೂರು ತಿಂಗಳಲ್ಲಿ ಮಾಡಿಸಬಹುದಾದ ಓವರ್‌ಟೈಮ್ 125ರಿಂದ 144 ಗಂಟೆಗೆ ಏರಿದೆ, ಕಾರ್ಖಾನೆಗಳಲ್ಲಿ 115ರಿಂದ 144ಕ್ಕೆ ಏರಿಸಲು ಸಂಪುಟ ಒಪ್ಪಿದೆ. ಬದಲಾದ ನಿಯಮ 20 ಅಥವಾ ಅದಕ್ಕಿಂತ ಹೆಚ್ಚು ಜನ ದುಡಿಯುವ ಸಂಸ್ಥೆಗಳಿಗೆ ಅನ್ವಯಿಸುತ್ತದೆ. ಬಂಡವಾಳ ಬರುತ್ತದೆ, ಬೇಡಿಕೆ ಹೆಚ್ಚಿದಾಗ ಕೆಲಸ ನಿಲ್ಲುವುದಿಲ್ಲ, ಹೆಚ್ಚುವರಿ ಗಂಟೆಗೆ ಕಾರ್ಮಿಕರಿಗೆ ಎರಡು ಪಟ್ಟು ಕೂಲಿ ಸಿಗುತ್ತದೆ ಎಂಬುದು ಸರ್ಕಾರದ ಸಮರ್ಥನೆ. ಇದರಲ್ಲಿ ಮಹಾರಾಷ್ಟ್ರ ಒಂಟಿಯಲ್ಲ. ಕರ್ನಾಟಕ 2023ರಲ್ಲೇ ಕಾರ್ಖಾನೆಗಳಿಗೆ 12 ಗಂಟೆಯ ದಿನವನ್ನು ಸಾಧ್ಯವಾಗಿಸಿತ್ತು.

ಕೇಂದ್ರದ ಸಂಹಿತೆಗಳು 29 ಹಳೆಯ ಕಾನೂನುಗಳನ್ನು ಒಟ್ಟುಗೂಡಿಸಿವೆ. 1948ರ ಕಾರ್ಖಾನೆ ಕಾಯಿದೆ ಈಗ ವೃತ್ತಿ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆಯೊಳಗೆ ಲೀನವಾಗಿದೆ. ರಾಜ್ಯಗಳ ಅಂಗಡಿ ಕಾಯಿದೆಗಳು ಲೀನವಾಗಿಲ್ಲ. ಆದ್ದರಿಂದ ಪುಣೆಯ ಹಿಂಜವಡಿಯ ಒಂದು ಸಾಫ್ಟ್‌ವೇರ್ ಕಚೇರಿಯ ಮೇಲೆ ರಾಜ್ಯ ಕಾಯಿದೆಯ ನೆರಳೂ ಇದೆ, ಸಂಹಿತೆಯ ನೆರಳೂ ಇದೆ. ಎರಡರ ನಡುವಿನ ಗಡಿ ನಿಯಮಾವಳಿಗಳಲ್ಲಿ, ಆಮೇಲೆ ನ್ಯಾಯಾಲಯಗಳಲ್ಲಿ ತಿಳಿಯಾಗಬೇಕಾದದ್ದು.

ಇದಕ್ಕಿಂತ ಮುಖ್ಯವಾದ ಗೆರೆ ಇನ್ನೊಂದಿದೆ. ಗಂಟೆಯ ಮಿತಿ, ಓವರ್‌ಟೈಮ್‌ಗೆ ಎರಡು ಪಟ್ಟು ಕೂಲಿ ಮುಂತಾದ ರಕ್ಷಣೆಗಳು ಕಾನೂನು ‘ಕಾರ್ಮಿಕ’ ಎಂದು ಗುರುತಿಸುವವರಿಗೆ ಮೀಸಲು. ಆಡಳಿತದ ಅಥವಾ ವ್ಯವಸ್ಥಾಪನೆಯ ಕೆಲಸ ಮಾಡುವವರು, ತಿಂಗಳಿಗೆ 18,000 ರೂಪಾಯಿಗಿಂತ ಹೆಚ್ಚು ಸಂಬಳದ ಮೇಲ್ವಿಚಾರಕರು ಈ ವ್ಯಾಖ್ಯೆಯ ಹೊರಗೆ. ಹುದ್ದೆಯ ಹೆಸರಿಗಿಂತ ನಿಜವಾಗಿ ಮಾಡುವ ಕೆಲಸವನ್ನು ನೋಡಬೇಕೆಂದು ನ್ಯಾಯಾಲಯಗಳು ಹೇಳುತ್ತಲೇ ಬಂದಿವೆ. ಆದರೂ ಮೂರೇ ವರ್ಷದ ಅನುಭವದವರ ವಿಸಿಟಿಂಗ್ ಕಾರ್ಡಿನಲ್ಲಿ ‘ಅಸಿಸ್ಟೆಂಟ್ ಮ್ಯಾನೇಜರ್’ ಎಂದಿದ್ದರೆ, ತನ್ನ ಗಂಟೆಗಳ ಲೆಕ್ಕ ಕೇಳಲು ಅವರೇ ಹಿಂಜರಿಯುತ್ತಾರೆ. ಬ್ಯಾಂಕು, ಲೆಕ್ಕಪರಿಶೋಧನೆ, ಸಲಹಾ ಸಂಸ್ಥೆಗಳ ನೌಕರರಲ್ಲಿ ಅನೇಕರು ಇರುವುದು ಈ ಮಸುಕು ಪ್ರದೇಶದಲ್ಲಿ. ಕಾನೂನಿನ ಗಡಿಯಾರ ಅವರ ಮೇಜಿನವರೆಗೆ ಬರುವುದಿಲ್ಲ; ಅಲ್ಲಿ ನಡೆಯುವುದು ಮೇಲಧಿಕಾರಿಯ ಗಡಿಯಾರ.

ಖಾಸಗಿ ಮಸೂದೆಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ನಿಯಮ ಮೀರಿದ ಕಂಪನಿಗೆ ನೌಕರರ ಒಟ್ಟು ವೇತನದ ಶೇ 1ರಷ್ಟು ದಂಡ ಎಂಬ ಪ್ರಸ್ತಾವ ಅದರಲ್ಲಿದೆ. ಸ್ವಾತಂತ್ರ್ಯಾನಂತರ ಸಂಸತ್ತು ಅಂಗೀಕರಿಸಿದ ಖಾಸಗಿ ಮಸೂದೆಗಳು 14 ಮಾತ್ರ, ಕೊನೆಯದು 1970ರಲ್ಲಿ. ಸುಳೆಯವರ ಮಸೂದೆ ಕಾನೂನಾಗುವ ಸಾಧ್ಯತೆ ಕಡಿಮೆ.

ಒಂದು ಸಾವು, ಮೂರು ವಾದ

ಈ ಚರ್ಚೆಗೆ ಈಗಿನ ಕಾವು ಬಂದದ್ದು ಪುಣೆಯಿಂದ. 2024ರ ಜುಲೈನಲ್ಲಿ, ಬಹುರಾಷ್ಟ್ರೀಯ ಲೆಕ್ಕಪರಿಶೋಧನಾ ಸಂಸ್ಥೆಯೊಂದಕ್ಕೆ ಸೇರಿ ನಾಲ್ಕೇ ತಿಂಗಳಾಗಿದ್ದ 26 ವರ್ಷದ ಚಾರ್ಟರ್ಡ್ ಅಕೌಂಟೆಂಟ್ ಒಬ್ಬರು ತೀರಿಕೊಂಡರು. ಸೆಪ್ಟೆಂಬರಿನಲ್ಲಿ ಅವರ ತಾಯಿ ಸಂಸ್ಥೆಯ ಮುಖ್ಯಸ್ಥರಿಗೆ ಬರೆದ ಪತ್ರ ಬಹಿರಂಗವಾಗಿ ದೇಶದ ತುಂಬ ಓದಿಸಿಕೊಂಡಿತು. ಮುಗಿಯದ ಕೆಲಸ, ರಾತ್ರಿ ಮತ್ತು ರಜೆಯ ದಿನಗಳಲ್ಲಿ ಬಂದು ಬೀಳುತ್ತಿದ್ದ ಹೊಣೆ, ಅಂತ್ಯಕ್ರಿಯೆಗೂ ಕಚೇರಿಯಿಂದ ಯಾರೂ ಬಾರದ ನೋವು ಆ ಪತ್ರದಲ್ಲಿತ್ತು. ಕೆಲಸದ ಹೊರೆಯೇ ಸಾವಿಗೆ ಕಾರಣ ಎಂಬುದನ್ನು ಸಂಸ್ಥೆ ಒಪ್ಪಲಿಲ್ಲ. ರಾಜ್ಯದ ಕಾರ್ಮಿಕ ಇಲಾಖೆ ಪರಿಶೀಲನೆಗೆ ಹೋದಾಗ ಆ ಕಚೇರಿ 2007ರಿಂದ ಅಂಗಡಿ ಕಾಯಿದೆಯಡಿ ನೋಂದಣಿಯೇ ಇಲ್ಲದೆ ನಡೆಯುತ್ತಿದ್ದುದು ಗೊತ್ತಾಯಿತು. ನೋಂದಣಿಯೇ ಇಲ್ಲದಲ್ಲಿ ಗಂಟೆಯ ಮಿತಿಯನ್ನು ಪರೀಕ್ಷಿಸುವವರು ಯಾರು ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ಅಲ್ಲಿಂದೀಚೆಗೆ ಮೂರು ವಾದಗಳು ಕೇಳಿಬರುತ್ತಿವೆ. ಮೊದಲನೆಯದು, ತಾಳುವ ಶಕ್ತಿ ವ್ಯಕ್ತಿಯೊಳಗೆ ಬೆಳೆಯಬೇಕು ಎಂಬುದು. ಆ ಸೆಪ್ಟೆಂಬರಿನಲ್ಲಿ ಕೇಂದ್ರ ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಅವರು ಚೆನ್ನೈನ ಕಾರ್ಯಕ್ರಮವೊಂದರಲ್ಲಿ, ಒತ್ತಡವನ್ನು ಎದುರಿಸುವ ಅಂತಃಶಕ್ತಿಯನ್ನು ಮನೆ ಮತ್ತು ಕಾಲೇಜುಗಳು ಬೆಳೆಸಬೇಕು ಎಂಬರ್ಥದ ಮಾತಾಡಿದರು. ನೊಂದವರನ್ನೇ ದೂರಿದಂತಾಯಿತು ಎಂಬ ಟೀಕೆ ಬಂದಾಗ ತಮ್ಮ ಉದ್ದೇಶ ಅದಾಗಿರಲಿಲ್ಲವೆಂದು ಸ್ಪಷ್ಟನೆ ಕೊಟ್ಟರು. ಎರಡನೆಯದು, ದೇಶ ಬೆಳೆಯಬೇಕಾದರೆ ಹೆಚ್ಚು ದುಡಿಯಬೇಕು ಎಂಬುದು. 2023ರ ಅಕ್ಟೋಬರಿನಲ್ಲಿ ನಾರಾಯಣ ಮೂರ್ತಿಯವರು ವಾರಕ್ಕೆ 70 ಗಂಟೆ ಎಂದರು. 2025ರ ಜನವರಿಯಲ್ಲಿ ಮುಂಬೈ ಮೂಲದ ಎಲ್ ಆ್ಯಂಡ್ ಟಿ ಅಧ್ಯಕ್ಷ ಎಸ್.ಎನ್. ಸುಬ್ರಹ್ಮಣ್ಯನ್ ಅದನ್ನು 90ಕ್ಕೆ ಏರಿಸಿದರು. ಮೂರನೆಯದು, ಹೊಣೆ ಸಂಸ್ಥೆಯದು ಮತ್ತು ಕಾನೂನಿನದು ಎಂಬುದು. ಐಟಿ ನೌಕರರ ಸಂಘಟನೆಗಳು, ಕಾರ್ಮಿಕ ಸಂಘಗಳು ಹೇಳುವುದು ಇದನ್ನು.

ತಮಾಷೆಯೆಂದರೆ ಎರಡನೆಯ ವಾದಕ್ಕೆ ಉತ್ತರ ಬಂದದ್ದು ಸರ್ಕಾರದ್ದೇ ದಾಖಲೆಯಿಂದ. 90 ಗಂಟೆಯ ಮಾತು ಇನ್ನೂ ಬಿಸಿಯಾಗಿದ್ದಾಗ, 2025ರ ಜನವರಿ 31ರಂದು ಮಂಡನೆಯಾದ ಆರ್ಥಿಕ ಸಮೀಕ್ಷೆ, ದಿನಕ್ಕೆ 12 ಗಂಟೆ ಅಥವಾ ಅದಕ್ಕಿಂತ ಹೆಚ್ಚು ಹೊತ್ತು ಮೇಜಿನ ಮುಂದೆ ಕೂರುವವರ ಮಾನಸಿಕ ಸ್ವಾಸ್ಥ್ಯ ತೀರಾ ಕೆಳಗಿರುತ್ತದೆ ಎಂಬ ಅಧ್ಯಯನವನ್ನು ಉಲ್ಲೇಖಿಸಿತು. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2021ರಲ್ಲಿ ಜಂಟಿಯಾಗಿ ಪ್ರಕಟಿಸಿದ ಲೆಕ್ಕ ಇನ್ನೂ ನೇರವಾದದ್ದು: ವಾರಕ್ಕೆ 35–40 ಗಂಟೆ ದುಡಿಯುವವರಿಗೆ ಹೋಲಿಸಿದರೆ 55 ಗಂಟೆ ಮತ್ತು ಅದಕ್ಕೂ ಹೆಚ್ಚು ದುಡಿಯುವವರಲ್ಲಿ ಪಾರ್ಶ್ವವಾಯುವಿನ ಅಪಾಯ ಶೇ 35ರಷ್ಟು, ಹೃದಯದ ರಕ್ತನಾಳಗಳ ಕಾಯಿಲೆಯಿಂದ ಸಾಯುವ ಅಪಾಯ ಶೇ 17ರಷ್ಟು ಹೆಚ್ಚು. ಹೀಗಾಗಿ ಗಂಟೆಗಳ ಚರ್ಚೆ ಅಭಿಪ್ರಾಯಗಳ ಜಗಳವಾಗಿ ಉಳಿದಿಲ್ಲ. ಮೊದಲ ವಾದವನ್ನು ಮಾತ್ರ ಇಷ್ಟು ಸುಲಭವಾಗಿ ತಳ್ಳಿಹಾಕಲಾಗದು. ಅದರಲ್ಲಿ ಅರ್ಧ ನಿಜವಿದೆ. ಆ ಅರ್ಧ ಯಾವುದು ಎಂದು ನೋಡಲು ಒತ್ತಡ ಹುಟ್ಟುವ ಬಗೆಯನ್ನು ಅರಿಯಬೇಕಾಗುತ್ತದೆ.

ಹೊರೆ ಮತ್ತು ಹಿಡಿತ

ಕೆಲಸ ಹೆಚ್ಚಾದರೆ ಒತ್ತಡ ಹೆಚ್ಚುತ್ತದೆ ಎಂಬುದು ಎಲ್ಲರ ತಿಳಿವಳಿಕೆ. 1979ರಲ್ಲಿ ಅಮೆರಿಕದ ಸಮಾಜಶಾಸ್ತ್ರಜ್ಞ ರಾಬರ್ಟ್ ಕರಾಸೆಕ್ ಈ ತಿಳಿವಳಿಕೆಗೆ ಒಂದು ತಿದ್ದುಪಡಿ ತಂದರು. ಹೊರೆ ಒಂದೇ ಮನುಷ್ಯನನ್ನು ಮುರಿಯುವುದಿಲ್ಲ. ಹೊರೆ ಹೆಚ್ಚಿದ್ದು ಅದನ್ನು ಹೊರುವ ರೀತಿಯ ಮೇಲೆ ಹಿಡಿತ ಕಡಿಮೆಯಿದ್ದಾಗ ಒತ್ತಡ ಕಾಯಿಲೆಯ ದಾರಿ ಹಿಡಿಯುತ್ತದೆ ಎಂಬುದು ಅವರ ಮಾತು. ಮುಂದೆ ಬಂದ ಸಂಶೋಧಕರು ಮೂರನೆಯ ಅಂಶವಾಗಿ ಬೆಂಬಲವನ್ನು ಸೇರಿಸಿದರು. ಹೊರೆ, ಹಿಡಿತ, ಬೆಂಬಲ ಈ ಮೂರನ್ನು ಒಟ್ಟಿಗೆ ನೋಡಬೇಕು.

ಬ್ರಿಟನ್ನಿನ ಸರ್ಕಾರಿ ನೌಕರರ ಮೇಲೆ 1985ರಲ್ಲಿ ಶುರುವಾಗಿ ದಶಕಗಳ ಕಾಲ ನಡೆದ ವೈಟ್‌ಹಾಲ್ ಅಧ್ಯಯನದಲ್ಲಿ 10,308 ಮಂದಿಯನ್ನು ಹಿಂಬಾಲಿಸಲಾಯಿತು. ಎದೆನೋವು, ಹೃದ್ರೋಗ ಕೆಳಹಂತದ ಗುಮಾಸ್ತರಲ್ಲಿ ಹೆಚ್ಚು, ಮೇಲಿನ ಅಧಿಕಾರಿಗಳಲ್ಲಿ ಕಡಿಮೆ ಕಂಡುಬಂತು. ‘ದೊಡ್ಡವರಿಗೆ ದೊಡ್ಡ ಟೆನ್ಶನ್’ ಎಂಬ ನಂಬಿಕೆಗೆ ಇದು ತೀರಾ ವಿರುದ್ಧ. ಈ ಅಂತರದ ದೊಡ್ಡ ಪಾಲಿಗೆ ಕಾರಣವಾಗಿ ಕಂಡದ್ದು ಕೆಲಸದ ಮೇಲಿನ ಹಿಡಿತದ ಕೊರತೆ.

ಮುಂಬೈಯ ಸಂದರ್ಭಕ್ಕೆ ಇದನ್ನು ಹೀಗೆ ಅನ್ವಯಿಸಬಹುದು. ಮಾಟುಂಗದ ಉಡುಪಿ ಹೋಟೆಲಿನ ಯಜಮಾನರು ಬೆಳಗಿನ ನಾಲ್ಕಕ್ಕೆ ಎದ್ದು ರಾತ್ರಿ ಹನ್ನೊಂದಕ್ಕೆ ಗಲ್ಲಾ ಮುಚ್ಚುತ್ತಾರೆ. ಅವರ ಗಂಟೆಗಳು ಸಪ್ಲೈಯರ್ ಹುಡುಗನ ಗಂಟೆಗಳಿಗಿಂತ ಹೆಚ್ಚೇ ಇರಬಹುದು. ಆದರೆ ಮಧ್ಯಾಹ್ನ ಎರಡಕ್ಕೆ ಕಣ್ಣು ಎಳೆದರೆ ಅವರು ಒಳಗೆ ಹೋಗಿ ಅರ್ಧ ತಾಸು ಮಲಗಬಲ್ಲರು, ಗಿರಾಕಿ ಕಿರುಚಿದರೆ ‘ಬೇರೆ ಕಡೆ ಹೋಗಿ’ ಎನ್ನಬಲ್ಲರು. ಸಪ್ಲೈಯರ್‌ಗೆ ಇವೆರಡೂ ಇಲ್ಲ. ಒಂದೇ ಅಡುಗೆಮನೆಯ ಬಿಸಿಯಲ್ಲಿ ಇಬ್ಬರ ದೇಹದ ಮೇಲೆ ಬೀಳುವ ಭಾರ ಬೇರೆಯಾಗುವುದು ಇಲ್ಲಿ. ನಾಯಕರು ತಮ್ಮ ಅನುಭವದಿಂದ ‘ನಾನೂ 90 ಗಂಟೆ ದುಡಿದಿದ್ದೇನೆ’ ಎನ್ನುವಾಗ ಅವರು ಸುಳ್ಳು ಹೇಳುತ್ತಿರುವುದಿಲ್ಲ. ತಮ್ಮ ಗಂಟೆಗಳು ತಮ್ಮ ಕೈಯಲ್ಲಿದ್ದವು ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಂಡಿರುವುದಿಲ್ಲ, ಅಷ್ಟೆ.

ಮೇಲಿನವರ ಬೆಂಬಲ ಯಾವ ರೂಪದ್ದು

‘ಬೆಂಬಲ ನೀಡುವ ನಾಯಕತ್ವ’ ಎಂಬ ಮಾತು ಕಾರ್ಪೊರೇಟ್ ಭಾಷಣಗಳಲ್ಲಿ ಸವೆದು ಹೋಗಿದೆ. ಸಂಶೋಧನೆಗಳಲ್ಲಿ ಇದನ್ನು ಸಾಮಾನ್ಯವಾಗಿ ನಾಲ್ಕಾಗಿ ಬಿಡಿಸಿ ನೋಡುತ್ತಾರೆ: ಕಷ್ಟವನ್ನು ಕೇಳಿಸಿಕೊಳ್ಳುವುದು, ಬೇಕಾದ ಮಾಹಿತಿ ಕೊಡುವುದು, ಮಾಡಿದ ಕೆಲಸದ ಬಗ್ಗೆ ನ್ಯಾಯವಾದ ಅಭಿಪ್ರಾಯ ತಿಳಿಸುವುದು, ಮತ್ತು ಕೈಜೋಡಿಸಿ ಹೊರೆಯನ್ನು ನಿಜವಾಗಿ ಇಳಿಸುವುದು. ಕಚೇರಿಗಳಲ್ಲಿ ಮೊದಲನೆಯದು ಧಾರಾಳವಾಗಿ, ನಾಲ್ಕನೆಯದು ಜಿಪುಣತನದಿಂದ ಸಿಗುತ್ತದೆ. ‘ನಿನ್ನ ಕಷ್ಟ ಅರ್ಥವಾಗುತ್ತದೆ, ಆದರೆ ಡೆಡ್‌ಲೈನ್ ಶುಕ್ರವಾರವೇ’ ಎಂಬ ವಾಕ್ಯದಲ್ಲಿ ಮೊದಲರ್ಧ ಕೇಳಿಸಿಕೊಳ್ಳುವಿಕೆ, ಎರಡನೆಯ ಅರ್ಧ ಕೈತೊಳೆಯುವಿಕೆ. ಇಂಥ ಮಾತನ್ನು ಪದೇಪದೇ ಕೇಳಿದ ನೌಕರ ಮೊದಲರ್ಧವನ್ನೂ ನಂಬುವುದನ್ನು ಬಿಡುತ್ತಾನೆ.

ಹೊರೆ ಇಳಿಸುವ ಬೆಂಬಲ ಹೇಗಿರುತ್ತದೆ ಎಂಬುದಕ್ಕೆ ಮುಂಬೈ ಕನ್ನಡಿಗರ ಚರಿತ್ರೆಯಲ್ಲೇ ಒಳ್ಳೆಯ ಉದಾಹರಣೆಯಿದೆ. ಕಳೆದ ಶತಮಾನದಲ್ಲಿ ಕರಾವಳಿಯಿಂದ ಬಂದು ಹೋಟೆಲು, ಕ್ಯಾಂಟೀನುಗಳಲ್ಲಿ ತಟ್ಟೆ ತೊಳೆದ, ಟೇಬಲ್ಲು ಒರೆಸಿದ ಸಾವಿರಾರು ಹುಡುಗರು ಫೋರ್ಟ್‌ನಿಂದ ಉಪನಗರಗಳವರೆಗೆ ಹಬ್ಬಿದ್ದ ಕನ್ನಡ ರಾತ್ರಿ ಶಾಲೆಗಳಲ್ಲಿ ಓದಿ ಗುಮಾಸ್ತರಾದರು, ವಕೀಲರಾದರು, ತಾವೇ ಹೋಟೆಲು ಕಟ್ಟಿದರು. ಇದನ್ನು ಹುಡುಗರ ಛಲದ ಕತೆಯಾಗಿ ಹೇಳುವುದು ವಾಡಿಕೆ. ಛಲ ಇದ್ದೇ ಇತ್ತು. ಆದರೆ ಸಂಜೆಯ ಗಿರಾಕಿಗಳ ಭರಾಟೆ ಶುರುವಾಗುವ ಹೊತ್ತಿಗೆ ‘ಹೋಗು, ಶಾಲೆಗೆ ಹೊತ್ತಾಯಿತು’ ಎಂದು ಬಿಡುಗಡೆ ಕೊಟ್ಟ ಯಜಮಾನನಿಲ್ಲದೆ ಆ ಛಲ ರಾತ್ರಿ ಶಾಲೆಯ ಬಾಗಿಲು ತಲುಪುತ್ತಿರಲಿಲ್ಲ. ಅದೇ ಬೀದಿಯ ಇನ್ನೊಂದು ಹೋಟೆಲಿನಲ್ಲಿ ಬಿಡುಗಡೆ ಸಿಗದ, ಅಷ್ಟೇ ಛಲದ ಹುಡುಗನ ಕತೆ ಯಾರಿಗೂ ತಿಳಿಯದೆ ಹೋಗಿದೆ. ಯಜಮಾನ ಕೊಟ್ಟದ್ದು ಹಿತವಚನಕ್ಕಿಂತ ಬೆಲೆಯುಳ್ಳದ್ದು: ದಿನಕ್ಕೆ ಎರಡು ತಾಸು, ಅದೂ ತನ್ನ ವ್ಯಾಪಾರಕ್ಕೆ ಅನನುಕೂಲವಾದ ಹೊತ್ತಿನಲ್ಲಿ. ಈ ವ್ಯವಸ್ಥೆಯನ್ನು ಆದರ್ಶವಾಗಿ ಚಿತ್ರಿಸುವುದೂ ತಪ್ಪು. ಆ ಹುಡುಗರಲ್ಲಿ ಅನೇಕರು ಕೂಲಿಗೆ ನಿಲ್ಲಬಾರದ ವಯಸ್ಸಿನವರು, ಬಿಡುಗಡೆ ಅವರ ಹಕ್ಕಾಗಿರದೆ ಯಜಮಾನನ ದಯೆಯಾಗಿತ್ತು. ದಯೆಯ ಮೇಲೆ ನಿಂತ ಬೆಂಬಲ ಯಜಮಾನ ಬದಲಾದ ದಿನವೇ ಇಲ್ಲವಾಗುತ್ತದೆ ಎಂಬ ಪಾಠವೂ ಅದರೊಳಗಿದೆ.

ಗೋವಾದ ವೆರ್ಣಾ, ವಾಸ್ಕೋ ಕಡೆ ಗುತ್ತಿಗೆಯಲ್ಲಿ ದುಡಿಯುವ ಉತ್ತರ ಕರ್ನಾಟಕದವರ ಸ್ಥಿತಿ ಇದಕ್ಕಿಂತ ತೊಡಕಿನದು. ಅವರಿಗೆ ಇಬ್ಬರು ಮೇಲಿನವರು: ಕೆಲಸ ಹೇಳುವ ಕಾರ್ಖಾನೆಯ ಸೂಪರ್‌ವೈಸರ್ ಮತ್ತು ಕೂಲಿ ಕೊಡುವ ಗುತ್ತಿಗೆದಾರ. ರಜೆ ಬೇಕೆಂದರೆ ಒಬ್ಬ ಇನ್ನೊಬ್ಬನ ಕಡೆ ಕೈತೋರಿಸುತ್ತಾನೆ. ಬೆಂಬಲ ಕೇಳುವ ಬಾಗಿಲೇ ಯಾವುದೆಂದು ಗೊತ್ತಿರದಲ್ಲಿ ನಾಯಕತ್ವದ ಗುಣಮಟ್ಟದ ಮಾತು ಬಹಳ ದೂರದ್ದು.

ತಾಳಿಕೊಳ್ಳುವುದು ಮತ್ತು ಸರಿಪಡಿಸುವುದು

ಈಗ ಮೊದಲ ವಾದದ ಅರ್ಧ ಸತ್ಯಕ್ಕೆ ಬರಬಹುದು. ಒಂದೇ ಕಚೇರಿಯಲ್ಲಿ, ಒಂದೇ ಹೊರೆಯಡಿ, ಒಬ್ಬರು ಕುಸಿಯುತ್ತಾರೆ, ಇನ್ನೊಬ್ಬರು ನಿಭಾಯಿಸುತ್ತಾರೆ. ಈ ವ್ಯತ್ಯಾಸದ ಅಧ್ಯಯನಕ್ಕೆ ಅಡಿಪಾಯ ಹಾಕಿದವರು ಮನಶ್ಶಾಸ್ತ್ರಜ್ಞರಾದ ರಿಚರ್ಡ್ ಲಾಜರಸ್ ಮತ್ತು ಸೂಸನ್ ಫೋಕ್‌ಮನ್. 1984ರಲ್ಲಿ ಅವರು ನಿಭಾಯಿಸುವ ಬಗೆಗಳನ್ನು ಎರಡಾಗಿ ವಿಂಗಡಿಸಿದರು. ಒಂದು, ಕಷ್ಟದ ಮೂಲಕ್ಕೇ ಕೈಹಾಕುವುದು: ಕೆಲಸವನ್ನು ಭಾಗ ಮಾಡುವುದು, ಗಡುವು ಮುಂದೂಡಲು ಕೇಳುವುದು, ಗೊತ್ತಿಲ್ಲದ್ದನ್ನು ಕಲಿಯುವುದು, ‘ಇದು ನನ್ನಿಂದ ಆಗದು’ ಎನ್ನುವುದು. ಇನ್ನೊಂದು, ಕಷ್ಟ ಎಬ್ಬಿಸುವ ಭಾವನೆಯನ್ನು ಸಂತೈಸುವುದು: ಗೆಳೆಯರ ಹತ್ತಿರ ಹೇಳಿಕೊಳ್ಳುವುದು, ಪ್ರಾರ್ಥನೆ, ನಡಿಗೆ, ಹಾಡು, ಮನಸ್ಸನ್ನು ಬೇರೆಡೆ ತಿರುಗಿಸುವುದು.

ಈ ಎರಡರಲ್ಲಿ ಯಾವುದು ಮೇಲು ಎಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ಬದಲಿಸಬಹುದಾದ ಪರಿಸ್ಥಿತಿಯಲ್ಲಿ ಮೂಲಕ್ಕೆ ಕೈಹಾಕುವುದು ಫಲ ಕೊಡುತ್ತದೆ. ಬದಲಿಸಲಾಗದಲ್ಲಿ ಅದೇ ಪ್ರಯತ್ನ ಮನುಷ್ಯನನ್ನು ಇನ್ನಷ್ಟು ದಣಿಸುತ್ತದೆ, ಅಲ್ಲಿ ಭಾವನೆಯನ್ನು ಸಂತೈಸಿಕೊಳ್ಳುವುದೇ ಜಾಣತನ. ವಿರಾರ್ ಲೋಕಲ್ ತಡವಾಗಿದ್ದರೆ ಪ್ಲಾಟ್‌ಫಾರ್ಮಿನ ಮೇಲೆ ಸಿಟ್ಟಾಗಿ ಪ್ರಯೋಜನವಿಲ್ಲ. ಮುಂಬೈ ಲೋಕಲುಗಳಲ್ಲಿ ತಾಳ ಹಿಡಿದು ಅಭಂಗ ಹಾಡುವ ಭಜನಾ ಮಂಡಳಿಗಳು ಕಂಡುಕೊಂಡ ದಾರಿ ಅಂಥದ್ದು: ಬದಲಿಸಲಾಗದ ಒಂದೂವರೆ ತಾಸನ್ನು ಅವು ತಮ್ಮದಾಗಿಸಿಕೊಂಡಿವೆ.

ಲೇಖನದ ಆರಂಭದ ವಾದಕ್ಕೆ ಕೊಂಡಿ ಸಿಗುವುದು ಇಲ್ಲಿ. ಕಚೇರಿಯ ಯಾವ ಕಷ್ಟ ಬದಲಿಸಬಹುದಾದದ್ದು, ಯಾವುದು ಅಲ್ಲ ಎಂದು ತೀರ್ಮಾನಿಸುವವರು ಯಾರು? ಗಡುವು ರೈಲಿನಂತೆ ತಡೆಯಲಾಗದ ವಸ್ತುವಲ್ಲ. ಅದನ್ನು ಯಾರೋ ನಿಗದಿ ಮಾಡಿರುತ್ತಾರೆ. ‘ಶುಕ್ರವಾರದ ಬದಲು ಮಂಗಳವಾರ ಕೊಡಲೇ?’ ಎಂದು ಕೇಳಿದವರಿಗೆ ಕಾರಣ ಸಮೇತ ಉತ್ತರ ಸಿಕ್ಕರೆ, ಮುಂದಿನ ಸಲವೂ ಅವರು ಸಮಸ್ಯೆಯನ್ನು ಬೇಗ ತಿಳಿಸುತ್ತಾರೆ. ಅದೇ ಪ್ರಶ್ನೆಗೆ ‘ನಿನಗೆ ಬದ್ಧತೆಯಿಲ್ಲ’ ಎಂಬ ಉತ್ತರ ಬಂದು, ಅಪ್ರೈಸಲಿನಲ್ಲಿ (ಕೆಲಸದ ಮೌಲ್ಯಮಾಪನದಲ್ಲಿ) ಅದರ ನೆರಳು ಕಂಡರೆ, ಕೇಳುವ ಅಭ್ಯಾಸ ಒಂದೇ ಏಟಿಗೆ ಸಾಯುತ್ತದೆ. ಆಮೇಲೆ ಉಳಿಯುವುದು ಸಂತೈಸಿಕೊಳ್ಳುವ ಬಗೆಗಳು ಮಾತ್ರ, ಅವುಗಳಲ್ಲೂ ಸುಲಭವಾಗಿ ಕೈಗೆ ಸಿಗುವಂಥವು: ಟಪರಿಯ ಬಳಿ ಮೂರನೆಯ ಚಹಾ, ಅದರ ಜೊತೆಗೊಂದು ಸಿಗರೇಟು, ವಾರಾಂತ್ಯದ ಕುಡಿತ, ಹಗಲು ಸಿಗದ ಸಮಯವನ್ನು ರಾತ್ರಿ ಒಂದರವರೆಗೆ ಮೊಬೈಲಿನಲ್ಲಿ ವಸೂಲು ಮಾಡುವುದು. ನಿದ್ದೆ ಕಡಿಮೆಯಾಗಿ ಮರುದಿನ ತಪ್ಪುಗಳಾಗುತ್ತವೆ, ತಪ್ಪಿಗೆ ಬೈಗುಳ ಬರುತ್ತದೆ, ಬೈಗುಳದಿಂದ ಇನ್ನಷ್ಟು ನಿದ್ದೆ ಹೋಗುತ್ತದೆ. ಹೊರಗಿನವರಿಗೆ ಇದು ವ್ಯಕ್ತಿಯ ಕೆಟ್ಟ ಅಭ್ಯಾಸವಾಗಿ ಕಾಣುತ್ತದೆ. ಅದರ ಬೇರು ಕೇಳಲಾಗದ ಆ ಒಂದು ಪ್ರಶ್ನೆಯಲ್ಲಿದೆ.

ಸಂತೈಸಿಕೊಳ್ಳುವ ಬಗೆಗಳಲ್ಲಿ ಒಳ್ಳೆಯವೂ ಇವೆ. ಕೆಲಸದ ಹೊತ್ತು ಮುಗಿದ ಮೇಲೆ ಮನಸ್ಸನ್ನು ಕೆಲಸದಿಂದ ಪೂರ್ತಿ ಬಿಡಿಸಿಕೊಳ್ಳುವವರು ಮರುದಿನ ಹೆಚ್ಚು ಚೇತರಿಸಿಕೊಂಡಿರುತ್ತಾರೆ ಎಂಬುದನ್ನು ಜರ್ಮನಿಯ ಸಬೀನ್ ಸೊನ್ನೆಂಟಾಗ್ ಮತ್ತು ಅವರ ಸಂಗಡಿಗರ ಅಧ್ಯಯನಗಳು ತೋರಿಸಿವೆ. ಆದರೆ ಇದಕ್ಕೂ ಮೇಲಿನವರ ಅನುಮತಿ ಬೇಕು. ರಾತ್ರಿ ಹತ್ತೂವರೆಗೆ ಟೀಂ ಗುಂಪಿನಲ್ಲಿ ಮ್ಯಾನೇಜರ್ ಒಂದು ಸಂದೇಶ ಹಾಕಿ, ಕೆಳಗೆ ‘ಅರ್ಜೆಂಟ್ ಅಲ್ಲ’ ಎಂದು ಬರೆದರೂ, ಮೂವರು ಸಹೋದ್ಯೋಗಿಗಳು ಐದು ನಿಮಿಷದೊಳಗೆ ಉತ್ತರಿಸಿದರೆ ನಾಲ್ಕನೆಯವರಿಗೆ ಅದು ಅರ್ಜೆಂಟೇ.

ಆ್ಯಪ್ ಏಕೆ ಸುಲಭ

ಹೀಗಿದ್ದರೂ ಕಂಪನಿಗಳು ನಿಭಾಯಿಸುವ ಅಭ್ಯಾಸಗಳನ್ನು ಕಲಿಸುವುದರ ಮೇಲೆಯೇ ಏಕೆ ಹಣ ಹಾಕುತ್ತವೆ? ಉತ್ತರ ಸರಳ. ಧ್ಯಾನದ ಆ್ಯಪ್‌ಗೆ ತಲೆಗಿಷ್ಟು ಎಂದು ದರ ಕಟ್ಟಬಹುದು, ಎಷ್ಟು ಜನ ಬಳಸಿದರೆಂದು ವರದಿ ಬರೆಯಬಹುದು. ಇಬ್ಬರು ಹೊಸಬರನ್ನು ನೇಮಿಸುವುದು, ಗಿರಾಕಿ ಕಂಪನಿಗೆ ‘ಈ ಗಡುವು ಆಗದು’ ಎನ್ನುವುದು, ಬಯ್ಯುವ ಆದರೆ ಲಾಭ ತರುವ ಮ್ಯಾನೇಜರನ್ನು ಪಕ್ಕಕ್ಕೆ ಸರಿಸುವುದು ದುಬಾರಿ.

ಅಗ್ಗದ ದಾರಿಯ ಫಲವೂ ಅಳತೆಗೆ ಸಿಕ್ಕಿದೆ. ಆಕ್ಸ್‌ಫರ್ಡಿನ ವಿಲಿಯಂ ಫ್ಲೆಮಿಂಗ್ 2024ರಲ್ಲಿ ಪ್ರಕಟಿಸಿದ ಅಧ್ಯಯನ ಬ್ರಿಟನ್ನಿನ 233 ಸಂಸ್ಥೆಗಳ 46,336 ನೌಕರರ ಮಾಹಿತಿಯನ್ನು ಪರಿಶೀಲಿಸಿತು. ಸ್ಥೈರ್ಯ ತರಬೇತಿ, ಧ್ಯಾನ, ಸ್ವಾಸ್ಥ್ಯದ ಆ್ಯಪ್‌ಗಳಲ್ಲಿ ಪಾಲ್ಗೊಂಡವರು ಪಾಲ್ಗೊಳ್ಳದವರಿಗಿಂತ ಚೆನ್ನಾಗಿರುವಂತೆ ಕಾಣಲಿಲ್ಲ. ಸ್ವಯಂಸೇವೆಯ ಅವಕಾಶವೊಂದು ಮಾತ್ರ ಸ್ವಲ್ಪ ಬೇರೆಯಾಗಿ ತೋರಿತು. ಇದರಿಂದ ಧ್ಯಾನವೇ ವ್ಯರ್ಥ ಎಂದು ತೀರ್ಮಾನಿಸಬೇಕಿಲ್ಲ. ಕೆಲಸದ ರಚನೆ ಇದ್ದಂತೆಯೇ ಇದ್ದು ಮನುಷ್ಯನನ್ನು ಮಾತ್ರ ರಿಪೇರಿ ಮಾಡಹೊರಟರೆ ಫಲ ಕಾಣದು ಎಂಬ ಓದು ಹೆಚ್ಚು ಸರಿಯಾದದ್ದು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಬರ್ನ್‌ಔಟ್ ಅನ್ನು, ಅಂದರೆ ಕೆಲಸದ ಒತ್ತಡದಿಂದ ಬಸವಳಿದುಹೋಗುವುದನ್ನು, ರೋಗಗಳ ಅಂತರರಾಷ್ಟ್ರೀಯ ವರ್ಗೀಕರಣದಲ್ಲಿ ವಿವರಿಸುವಾಗ ಅದನ್ನು ಕಾಯಿಲೆ ಎನ್ನದೆ ವೃತ್ತಿಗೆ ಸಂಬಂಧಿಸಿದ ವಿದ್ಯಮಾನ ಎಂದು ಕರೆದದ್ದೂ, 2022ರ ಮಾರ್ಗಸೂಚಿಯಲ್ಲಿ ಮ್ಯಾನೇಜರುಗಳಿಗೇ ತರಬೇತಿ ಕೊಡಬೇಕೆಂದದ್ದೂ ಇದೇ ದಿಕ್ಕಿನ ಮಾತುಗಳು.

ನಡುವೆ ಸಿಕ್ಕಿಕೊಂಡವರು

ಇಷ್ಟಾದ ಮೇಲೆ ಎಲ್ಲ ತಪ್ಪನ್ನೂ ಮ್ಯಾನೇಜರ್ ತಲೆಗೆ ಕಟ್ಟುವುದು ಸುಲಭ, ಆದರೆ ಅನ್ಯಾಯ. ಪುಣೆಯ ಟೀಂ ಲೀಡ್ ಒಬ್ಬರ ಸ್ಥಿತಿಯನ್ನು ಊಹಿಸಿಕೊಳ್ಳಿ. ಗಿರಾಕಿ ಕಂಪನಿ ಅಮೆರಿಕದಲ್ಲಿದೆ. ಅಲ್ಲಿ ಬೆಳಗಾಗುವಾಗ ಇಲ್ಲಿ ರಾತ್ರಿ ಊಟದ ಹೊತ್ತು. ಗಡುವು ನಿಗದಿಯಾದದ್ದು ಗುತ್ತಿಗೆ ಹಿಡಿಯುವ ಅವಸರದಲ್ಲಿ ಮಾರಾಟ ವಿಭಾಗ ಕೊಟ್ಟ ಮಾತಿನಿಂದ. ಹತ್ತು ಜನರ ತಂಡದಲ್ಲಿ ಎಲ್ಲರೂ ಚೆನ್ನಾಗಿ ದುಡಿದರೂ ಒಬ್ಬರಿಗಾದರೂ ಕೆಳಗಿನ ಶ್ರೇಣಿ ಕೊಡಲೇಬೇಕಾದ ಅಪ್ರೈಸಲ್ ಪದ್ಧತಿ ಅವರದಲ್ಲ, ಹತ್ತನೆಯವರ ಮುಖ ನೋಡಿ ಅದನ್ನು ಹೇಳುವ ಕೆಲಸ ಮಾತ್ರ ಅವರದು. ಅವರಿಗೇ ಹಿಡಿತವಿಲ್ಲದ್ದನ್ನು ಕೆಳಗಿನವರಿಗೆ ಹಂಚುವುದು ಎಲ್ಲಿಂದ?

ಆದ್ದರಿಂದ ಬೆಂಬಲ ಒಬ್ಬೊಬ್ಬರ ಸ್ವಭಾವದ ಮಾತಾಗಿ ಉಳಿಯದೆ, ಮೇಲಿನಿಂದ ಕೆಳಕ್ಕೆ ಹರಿಯುವ ಅಧಿಕಾರದ ಮಾತಾಗುತ್ತದೆ. ಗಡುವು ಮುಂದೂಡುವ, ಶಿಫ್ಟ್ ಬದಲಿಸುವ, ಕೆಲಸವೊಂದನ್ನು ಬೇಡವೆನ್ನುವ ಅಧಿಕಾರ ಯಾವ ಹಂತದಲ್ಲಿದೆ ಎಂಬುದನ್ನು ನೋಡಿದರೆ ಆ ಸಂಸ್ಥೆಯಲ್ಲಿ ನೌಕರರ ನೆಮ್ಮದಿ ಎಷ್ಟರದ್ದು ಎಂದು ಬಹುಮಟ್ಟಿಗೆ ಹೇಳಬಹುದು. ಎಚ್‌ಆರ್ ಗೋಡೆಗೆ ಅಂಟಿಸಿದ ಪೋಸ್ಟರ್ ನೋಡಿ ಹೇಳಲಾಗದು.

ಇನ್ನು ಏನಾಗಬಹುದು

ಮೊದಲ ಪರಿಣಾಮ ಗಣಿತದ್ದು. ಡೊಂಬಿವಲಿಯಿಂದ ಲೋವರ್ ಪರೇಲಿಗೆ ಬರುವವರ ದಿನವನ್ನು ತೆಗೆದುಕೊಳ್ಳೋಣ. ಕೆಲಸ 10 ಗಂಟೆ, ನಡುವಿನ ವಿರಾಮ ಅರ್ಧ ಗಂಟೆ, ಮನೆಬಾಗಿಲಿನಿಂದ ಕಚೇರಿಗೆ ಹೋಗಿಬರಲು 3 ಗಂಟೆ, ನಿದ್ದೆ 7 ಗಂಟೆ. ಉಳಿಯುವುದು ಮೂರೂವರೆ ಗಂಟೆ. ಸ್ನಾನ, ಊಟ, ಮಕ್ಕಳ ಓದು, ವಯಸ್ಸಾದವರ ಔಷಧಿ ಎಲ್ಲವೂ ಅದರಲ್ಲಿ. ಅಡುಗೆಯ ಹೊಣೆ ಈಗಲೂ ಮುಖ್ಯವಾಗಿ ಹೆಂಗಸರ ಮೇಲಿರುವುದರಿಂದ ಅವರ ಮಟ್ಟಿಗೆ ಆ ಮೂರೂವರೆ ಗಂಟೆಯೂ ನಿದ್ದೆಯಿಂದ ಕಡಿದು ತಂದದ್ದಾಗುತ್ತದೆ. ವಾರದ ಮಿತಿ 48 ಗಂಟೆಯೇ ಉಳಿದಿರುವುದರಿಂದ, ದಿನ ಹಿಗ್ಗಿದರೆ ವಾರದ ಒಂದು ದಿನ ಉಳಿಯಬೇಕು. ನಿಯಮ ಪ್ರಾಮಾಣಿಕವಾಗಿ ಜಾರಿಯಾದ ಕಡೆ ಐದು ದಿನದ ವಾರ ಸಾಧ್ಯ, ಅದರಿಂದ ಪ್ರಯಾಣವೂ ಕಡಿಮೆಯಾಗಿ ಕೆಲವರಿಗೆ ನಿಜಕ್ಕೂ ಅನುಕೂಲವಾದೀತು. ಹಾಜರಿ ಪುಸ್ತಕವೇ ಸರಿಯಿಲ್ಲದ ಕಡೆ ದಿನ ಹಿಗ್ಗುತ್ತದೆ, ವಾರ ಕುಗ್ಗುವುದಿಲ್ಲ.

ಎರಡನೆಯದು, ಫೋನಿಗೆ ಉತ್ತರಿಸದಿರುವ ಹಕ್ಕು ಕಾನೂನಾಗದಿದ್ದರೂ ಆ ಮಾತು ಸಂಸ್ಥೆಗಳ ಒಳನೀತಿಗಳಿಗೆ ಇಳಿಯಬಹುದು. ಫ್ರಾನ್ಸ್‌ನಲ್ಲಿ 2017ರಿಂದ, ಆಸ್ಟ್ರೇಲಿಯಾದಲ್ಲಿ 2024ರ ಆಗಸ್ಟ್‌ನಿಂದ ಇಂಥ ಹಕ್ಕು ಜಾರಿಯಲ್ಲಿದೆ. ಆಸ್ಟ್ರೇಲಿಯಾದ ಕಾನೂನು ಕರೆ ಮಾಡುವುದನ್ನೇನೂ ನಿಷೇಧಿಸಿಲ್ಲ. ಉತ್ತರಿಸದಿರುವುದು ಅಸಮಂಜಸವಲ್ಲದಿದ್ದರೆ ಅದಕ್ಕಾಗಿ ನೌಕರನನ್ನು ಶಿಕ್ಷಿಸುವಂತಿಲ್ಲ ಎಂಬಷ್ಟಕ್ಕೆ ನಿಂತಿದೆ. ಇಲ್ಲಿಯೂ ಕಂಪನಿಗಳು ಬಹಿರಂಗ ಟೀಕೆಗೆ ಅಂಜಿ ಅಂಥ ನೀತಿಗಳನ್ನು ಬರೆದುಕೊಳ್ಳಬಹುದು. ಬರೆದ ನೀತಿ ನಡೆಯುತ್ತದೋ ಇಲ್ಲವೋ ಎಂಬುದು ಮತ್ತೆ ರಾತ್ರಿ ಹತ್ತೂವರೆಗೆ ಆ ಮೊದಲ ಸಂದೇಶ ಹಾಕುವವರ ಕೈಯಲ್ಲಿ.

ಈ ನಡುವೆ ಕುಸಿಯುತ್ತಿರುವವರು ಕಾಯಬೇಕಾಗಿಲ್ಲ. ಕೇಂದ್ರ ಸರ್ಕಾರ 2022ರ ಅಕ್ಟೋಬರಿನಲ್ಲಿ ಆರಂಭಿಸಿದ ಟೆಲಿ-ಮಾನಸ್ ಸಹಾಯವಾಣಿ 14416 ದಿನದ 24 ಗಂಟೆಯೂ ಉಚಿತ. ಬೆಂಗಳೂರಿನ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ, ಅದು ಸೇವೆ ನೀಡುವ ಭಾಷೆಗಳಲ್ಲಿ ಕನ್ನಡವೂ ಇದೆ. ಮರಾಠಿ, ಹಿಂದಿಗಳಲ್ಲಿ ದಿನವಿಡೀ ವ್ಯವಹರಿಸುವವರಿಗೂ ಕಷ್ಟ ಹೇಳಿಕೊಳ್ಳಲು ಮನೆಮಾತೇ ಹತ್ತಿರ.

ಕಡೆಗೆ ಗಮನಿಸಬೇಕಾದದ್ದು ಹೊಸ ನಿಯಮಗಳಲ್ಲಿ ಮತ್ತೆ ಮತ್ತೆ ಬರುವ ‘ಒಪ್ಪಿಗೆ’ ಎಂಬ ಪದ. ಮಹಾರಾಷ್ಟ್ರದ ಕಾರ್ಖಾನೆಗಳಲ್ಲಿ ಹೆಚ್ಚಿದ ಓವರ್‌ಟೈಮ್ ಮಾಡಿಸಲು ಕಾರ್ಮಿಕರ ಲಿಖಿತ ಒಪ್ಪಿಗೆ ಬೇಕು. ಮಹಿಳೆಯರನ್ನು ರಾತ್ರಿ ಪಾಳಿಗೆ ಹಾಕಲು ಸಂಹಿತೆಯ ಪ್ರಕಾರ ಅವರ ಒಪ್ಪಿಗೆ ಬೇಕು. ಕಾಗದದ ಮೇಲೆ ಇದು ದುಡಿಯುವವರಿಗೆ ಕೊಟ್ಟ ಹಿಡಿತವೇ. ಆದರೆ ಒಪ್ಪಿಗೆಯ ನಮೂನೆಯನ್ನು ಮೇಜಿನ ಮೇಲಿಟ್ಟು ಸಹಿ ಕೇಳುವವರು, ಮಾರ್ಚ್ ತಿಂಗಳಲ್ಲಿ ಅದೇ ಮೇಜಿನಲ್ಲಿ ಕೂತು ಅಪ್ರೈಸಲ್ ಬರೆಯುವವರೇ. ರಾಜ್ಯದ ನಿಯಮಾವಳಿಗಳು ಆ ಒಪ್ಪಿಗೆಯನ್ನು ನಿರಾಕರಿಸಿದವರಿಗೆ ಯಾವ ರಕ್ಷಣೆ ಕೊಡುತ್ತವೆ, ಒಮ್ಮೆ ಕೊಟ್ಟ ಒಪ್ಪಿಗೆಯನ್ನು ಹಿಂಪಡೆಯಲು ಬಿಡುತ್ತವೆಯೇ, ಸಹಿಯನ್ನು ಮೇಲಧಿಕಾರಿಯ ಬದಲು ಬೇರೆಯವರು ಪಡೆಯುವಂತೆ ಮಾಡುತ್ತವೆಯೇ ಎಂಬುದನ್ನು ನೋಡಬೇಕಿದೆ.